ಮೂಗಿನ ಬಾಗಿಲ ಕಾವಲುಗಾರ

ನಮ್ಮ ಅಡುಗೆಮನೆಯ ಸ್ಮೋಕ್ ಅಲಾರ್ಮ್‌ಗೆ ನಾನು ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದೆ. ಅಮೆರಿಕದಲ್ಲಿ ಒಗ್ಗರಣೆ ಹಾಕುವ ಎಷ್ಟೋ ಮನೆಗಳಲ್ಲಿ ಈ ಟೋಪಿ ಇರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಸಾಸಿವೆ ಸಿಡಿದರೆ ಸಾಕು, ಮನೆಗೆ ಬೆಂಕಿ ಬಿತ್ತೆಂದು ಅದು ಬೊಬ್ಬೆ ಹೊಡೆಯುತ್ತದೆ. ಅಡುಗೆಯಾದ ಮೇಲೆ ಟೋಪಿ ತೆಗೆದಿಡಬೇಕು, ಎಲ್ಲರೂ ತೆಗೆಯುತ್ತಾರೆ. ನಾನು ಸ್ಟೂಲ್ ಹತ್ತಿ ಇಳಿಯುವುದಕ್ಕೆ ಸೋಮಾರಿತನಪಟ್ಟು ಅದನ್ನು ಹಾಗೇ ಬಿಟ್ಟಿದ್ದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅದು ಟೋಪಿ ಹಾಕಿಕೊಂಡೇ ಇತ್ತು.

ಆಶ್‌ಬರ್ನ್ ಎಂಬ ಊರಿನಲ್ಲಿ ನಮ್ಮದು ಸಾಲುಮನೆ. ಹಿಂದುಗಡೆ, ಒಂದು ಸಾಲು ಪೈನ್ ಮರಗಳಾಚೆ, ಸಾವಿರಾರು ಕಂಪ್ಯೂಟರ್ ತುಂಬಿಟ್ಟ, ಕಿಟಕಿಯೇ ಇಲ್ಲದ ಡೇಟಾ ಸೆಂಟರ್. ನನ್ನ ಗಂಡ ಅಂಥದ್ದೇ ಇನ್ನೊಂದು ಕಟ್ಟಡದಲ್ಲಿ ಯಂತ್ರಗಳನ್ನು ತಣ್ಣಗಿಡುವ ಎಂಜಿನಿಯರ್. ನಮ್ಮ ಹಿಂದಿನ ಕಟ್ಟಡದ ಗುಂಯ್ ಎನ್ನುವ ಸದ್ದು ಹಗಲೂ ರಾತ್ರಿಯೂ ಇರುತ್ತದೆ. ಹೊಸಬರಿಗೆ ಕೇಳಿಸುತ್ತದೆ, ನಮಗೆ ಕೇಳಿಸುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ, 2019ರ ಕೊನೆಯಲ್ಲಿ, ಮಾವ ನಮ್ಮಲ್ಲಿಗೆ ಬಂದರು. ಬಂದ ಮೊದಲ ದಿನವೇ ಅವರು ಕೇಳಿದ್ದು, "ಇಲ್ಲಿ ಯಾರದ್ದು ಮಾರಾಯ್ತಿ, ಯಾವಾಗಲೂ ಮಿಲ್ಲು ಓಡ್ತಾ ಇರುವುದು?"

ಮಾವ ಮಂಗಳೂರು ಕಡೆಯ ಕ್ಯಾಥೊಲಿಕರು. ಪಾದ್ರಿಯಾಗಬೇಕೆಂದು ಎಂಟು ವರ್ಷ ಸೆಮಿನರಿಯಲ್ಲಿದ್ದು, ಕೊನೆಗೆ ಬಿಟ್ಟು ಬಂದು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದವರು. ಅವರ ಮನೆಮಾತು ಕೊಂಕಣಿ. ನಾನು ಮೈಸೂರಿನಲ್ಲಿ ಬೆಳೆದವಳು. ನನ್ನ ಕೊಂಕಣಿ ಕೇಳಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತಂತೆ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ.

ಅವರ ಪೆಟ್ಟಿಗೆಯಲ್ಲಿ ಎರಡು ಜೊತೆ ಪ್ಯಾಂಟು, ಒಂದು ಜಪಮಾಲೆ, ಒಂದು ನೋಟ್‌ಬುಕ್ಕು ಇದ್ದವು. ಸೆಮಿನರಿಯಲ್ಲಿದ್ದಾಗ ಇಟಲಿಯಿಂದ ಬಂದಿದ್ದ ಮುದಿ ಪಾದ್ರಿಯೊಬ್ಬರು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಟ್ಟ ಪದ್ಯ ಅದು. ಬರೆದವನು ಆರೇಳು ಶತಮಾನದ ಹಿಂದೆ ಇಟಲಿಯ ಗುಡ್ಡದ ಮೇಲಿನ ಒಂದು ಸಣ್ಣ ಊರಿನಲ್ಲಿ ಮಠಾಧಿಪತಿಯಾಗಿದ್ದವನು. ಮೊದಲ ಹಾಳೆ ಹರಿದುಹೋಗಿದ್ದರಿಂದ ಅವನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಬಿಷಪ್ಪನಾಗಬೇಕಿತ್ತು, ಬಾಯಿ ಜೋರು, ಆಗ್ಲಿಲ್ಲ" ಎಂದು ಮಾವ ತಮ್ಮ ಭಾವನ ವಿಷಯ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು.

ಪದ್ಯದ ಕತೆ ಸರಳ. ಮನುಷ್ಯನ ದೇಹ ಒಂದು ಕೋಟೆಮನೆ. ಆತ್ಮ ಅದರ ಯಜಮಾನಿ. ಮನೆಗೆ ಐದು ಬಾಗಿಲು: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಬಾಗಿಲಿಗೊಬ್ಬ ಕಾವಲುಗಾರ. ಹೊರಗೆ ಶತ್ರು ಕಾಯುತ್ತಿದ್ದಾನೆ. ಅವನಿಗೆ ಬಾಗಿಲು ಒಡೆಯುವ ಅವಸರವಿಲ್ಲ, ಕಾವಲುಗಾರರು ಒಬ್ಬೊಬ್ಬರಾಗಿ ಹೋಗುವುದನ್ನು ಕಾಯುತ್ತಾನೆ. "ನಮ್ಮವರು ದೇಹಕ್ಕೆ ಒಂಬತ್ತು ಬಾಗಿಲು ಅಂತಾರೆ, ಇಟಲಿಯವರದ್ದು ಐದೇ. ಸ್ವಲ್ಪ ಕಂಜೂಸು ಜನ" ಎಂದು ಮಾವ ನಕ್ಕಿದ್ದರು. ಆದರೆ ಆ ಪದ್ಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ಕೇಳುತ್ತಾ ಹೋದಂತೆ ನನಗೆ ನಮ್ಮ ಮನೆಯ ಹಿಂಬಾಗಿಲಿನ ಚಿಲಕ ಹಾಕಿದೆಯೋ ಇಲ್ಲವೋ ಎಂದು ನೋಡಿ ಬರಬೇಕೆನಿಸುತ್ತಿತ್ತು.

ಅದನ್ನು ಕನ್ನಡಕ್ಕೆ ತರಬೇಕೆನ್ನುವುದು ಅವರ ನಲವತ್ತು ವರ್ಷದ ಆಸೆ. ಆದರೆ ಕಣ್ಣಿನ ನಡುಭಾಗವೇ ಮಸುಕಾಗಿ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಹಾಳೆಯ ಮೇಲೆ ಬೆರಳಾಡಿಸುತ್ತಾ, ನೆನಪಿನಿಂದಲೇ ಇಟಾಲಿಯನ್ ಸಾಲು ಹೇಳುತ್ತಿದ್ದರು. ಆಮೇಲೆ ಅದರ ಅರ್ಥ, ಆಮೇಲೆ ಕನ್ನಡದ ಸಾಲು. ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ಔಷಧಿಯ ಇನ್ಶೂರೆನ್ಸ್ ಕ್ಲೇಮುಗಳನ್ನು ಪರಿಶೀಲಿಸುವ ನನ್ನ ಕೆಲಸ ಕೋವಿಡ್‌ನಿಂದಾಗಿ ಮನೆಯಿಂದಲೇ ನಡೆಯುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಡುಗೆಮನೆಯ ಮೇಜಿನ ಹತ್ತಿರ ಅರ್ಧ ಗಂಟೆ ಕೂರುತ್ತಿದ್ದೆವು. ಇಟಾಲಿಯನ್ ನನಗೆ ಒಂದಕ್ಷರವೂ ಬಾರದು. ಅವರು ಹೇಳಿದ್ದೇ ವೇದವಾಕ್ಯ.

2020ರ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ನನಗೊಬ್ಬಳಿಗೆ ಕೋವಿಡ್ ಬಂತು. ಹತ್ತು ದಿನ ಮೇಲಿನ ಕೋಣೆಯಲ್ಲಿದ್ದು ಎದ್ದು ಬಂದೆ. ಜ್ವರ ಹೋಯಿತು, ಕೆಮ್ಮು ಹೋಯಿತು, ಹೋದ ವಾಸನೆ ಮಾತ್ರ ಬರಲಿಲ್ಲ. ಕಾಫಿಪುಡಿಯ ಡಬ್ಬಿಯೊಳಗೆ ಮುಖ ಹಾಕಿದರೂ ಏನೂ ಇಲ್ಲ. "ವಾಸನೆ, ರುಚಿ ಎಲ್ಲಾ ವಾಪಸ್ ಬಂತಾ?" ಎಂದು ಗಂಡ ಕೇಳಿದಾಗ "ಬಂತು" ಎಂದೆ. ಇನ್ನೆರಡು ವಾರದಲ್ಲಿ ಬರುತ್ತದೆ, ಸುಮ್ಮನೆ ಯಾಕೆ ರಾದ್ಧಾಂತ ಎಂದುಕೊಂಡಿದ್ದೆ. ಅದು ಬರಲೇ ಇಲ್ಲ.

ಯಾಕೆ ಮುಚ್ಚಿಟ್ಟೆ ಎಂದರೆ ಕಾರಣ ಜಂಬ, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ನಾನು ಮಾಡುವ ಬಾಫತ್ ಪುಡಿಗೆ ನಮ್ಮ ಪ್ರಾರ್ಥನಾ ಗುಂಪಿನಲ್ಲಿ ದೊಡ್ಡ ಹೆಸರು. ಹಂದಿ ಮಾಂಸಕ್ಕೆ ಹಾಕುವ ಆ ಮಸಾಲೆಗಾಗಿ ನಾರ್ತ್ ಕ್ಯಾರೊಲಿನಾದಿಂದ ಡ್ರೈವ್ ಮಾಡಿಕೊಂಡು ಬರುವವರಿದ್ದರು. ಮೆಣಸು, ಕೊತ್ತಂಬರಿ, ಜೀರಿಗೆಯನ್ನು ಎಷ್ಟು ಹುರಿಯಬೇಕೆಂಬುದಕ್ಕೆ ಗಡಿಯಾರವಿಲ್ಲ, ಮೂಗೇ ಹೇಳಬೇಕು. ಮಂಗಳೂರಿನ ಹೆಂಗಸರ ನಡುವೆ ಮೈಸೂರಿನವಳು ಸಂಪಾದಿಸಿದ ಹೆಸರು ಅದು. ಅದಕ್ಕೇ ನಾನು ಬಣ್ಣ ನೋಡಿ, ಸದ್ದು ಕೇಳಿ, ನಿಮಿಷ ಎಣಿಸಿ ಹುರಿಯತೊಡಗಿದೆ. ಘಾಟು ಗಂಟಲಿಗೆ ತಾಗಿ ಕೆಮ್ಮು ಬರುತ್ತಿತ್ತು, ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಹಾಲು ಹುಳಿಯಾಗಿದೆಯೋ ಎಂದು ನೋಡಲು ಮಗಳನ್ನು ಕರೆದು "ಸ್ವಲ್ಪ ಮೂಸಿ ನೋಡು, ನನ್ನ ಕೈ ಒದ್ದೆ" ಎನ್ನುತ್ತಿದ್ದೆ. ಯಾರಿಗೂ ಸಂಶಯ ಬರಲಿಲ್ಲ.

ಮುಂದಿನ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತಕಾಲದಲ್ಲಿ, ಒಂದು ಮಧ್ಯಾಹ್ನ ನಾವು ಪದ್ಯಕ್ಕೆ ಕೂತಿದ್ದೆವು. ಒಲೆಯ ಮೇಲೆ ಕಡಲೆ ಬೇಯುತ್ತಿತ್ತು.

"ಎಂತದೋ ಕರಟಿದ ವಾಸನೆ ಬರ್ತಾ ಉಂಟಲ್ಲ ಮಾರಾಯ್ತಿ" ಎಂದರು ಮಾವ.

"ಇಲ್ವಲ್ಲ ಮಾವ, ಏನೂ ಇಲ್ಲ" ಎಂದೆ. ಎದ್ದು ಮುಚ್ಚಳ ತೆಗೆದೆ. ತಳ ಹಿಡಿದಿತ್ತು. ಅವರಿಗೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಒಲೆ ಆರಿಸಿ, ಮುಚ್ಚಳ ಮುಚ್ಚಿ, "ಸರಿಯಾಗೇ ಇದೆ. ನಿಮಗೇನೋ ಹಾಗನ್ನಿಸುತ್ತೆ" ಎಂದೆ. ಅವರು ಮೂಗು ಅರಳಿಸಿ ಇನ್ನೊಮ್ಮೆ ಗಾಳಿ ಎಳೆದು, ಮುಂದಿನ ಸಾಲಿಗೆ ಹೋದರು.

ಅದೇ ವಾರ ಅವರು ಮೂಗಿನ ಬಾಗಿಲಿನ ಭಾಗ ಹೇಳಿ ಬರೆಸಿದರು. ಆ ಕಾವಲುಗಾರ ಐವರಲ್ಲಿ ಚಿಕ್ಕವನು, ಸಂಬಳ ಕೇಳದವನು. ಒಂದು ಬೆಳಗ್ಗೆ ಯಾರಿಗೂ ಹೇಳದೆ ಹೊರಟುಹೋದ. ಯಜಮಾನಿ ಅದನ್ನು ಕಂಡಳು. ಊರಿಗೆ ತಿಳಿದರೆ ಮಾನ ಹೋದೀತೆಂದು ಅವನ ಅಂಗಿಗೆ ಹುಲ್ಲು ತುಂಬಿ ಬಾಗಿಲಲ್ಲಿ ನಿಲ್ಲಿಸಿದಳು. ಕಿವಿಯ ಬಾಗಿಲು ಕಾಯುವ ಮುದುಕ ಬಂದು, ಅಮ್ಮಾ ಆ ಬಾಗಿಲಿನಿಂದ ಯಾರೋ ಒಳಗೆ ಬರುತ್ತಿದ್ದಾರೆ ಎಂದ. ನಿನಗೆ ಅರುಳುಮರುಳು ಎಂದಳು ಯಜಮಾನಿ.

ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನಗೆ. "ಇದು ಅವನೇ ಬರೆದದ್ದಾ ಮಾವ?" ಎಂದು ಕೇಳಿದೆ.

"ಮತ್ತೆ? ಏಳು ನೂರು ವರ್ಷದ ಹಿಂದಿನವನಿಗೆ ಎಲ್ಲ ಗೊತ್ತಿತ್ತು ನೋಡು" ಎಂದರು. ಮುಖ ಕಿಟಕಿಯ ಕಡೆಗಿತ್ತು. "ಮುಂದೆ ಬರೀತಿಯಾ, ಇಲ್ಲ ಏನಾದ್ರೂ ಹೇಳುವುದು ಉಂಟಾ?"

"ಬರೀತೀನಿ" ಎಂದೆ. ಬರೆದೆ.

ಅಲ್ಲಿಂದಾಚೆ ಅವರು ವಾಸನೆಯ ಮಾತು ಎತ್ತಿದಾಗಲೆಲ್ಲ ನಾನು ಇಲ್ಲ ಎನ್ನುವುದು ರೂಢಿಯಾಯಿತು. ಹೌದೆನ್ನಬೇಕಾದರೆ ನನಗೆ ತಿಳಿಯಬೇಕಲ್ಲ! ಇಲ್ಲ ಎನ್ನುವುದು ಸುಲಭ. ಕೊಳೆತ ಈರುಳ್ಳಿ ಎಂದರು, ಇಲ್ಲ ಎಂದೆ. ಕೊನೆಗೆ ಬೇಸಿಗೆಯಲ್ಲಿ ಅವರು ಗ್ಯಾಸ್ ವಾಸನೆ ಎನ್ನತೊಡಗಿದರು. ದಿನಾ ಅಲ್ಲ, ಒಮ್ಮೊಮ್ಮೆ. ಗಂಡ ಮನೆಯಲ್ಲಿದ್ದಾಗ ಬಂದು ಮೂಸಿ ನೋಡಿದರೆ ಏನೂ ಇರುತ್ತಿರಲಿಲ್ಲ. "ಪಪ್ಪಂಗೆ ಏನೋ ಆಗ್ತಿದೆ. ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ತಗೊಳ್ತೀನಿ" ಎಂದ. ನಾನು ಬೇಡವೆನ್ನಲಿಲ್ಲ.

ಡಾಕ್ಟರು ಮರೆವಿನ ಪರೀಕ್ಷೆಗೆಂದು ಮಾವನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಕಣ್ಣು ಕಾಣದವರು ಗಡಿಯಾರ ಹೇಗೆ ಬರೆದಾರು? ಮುಳ್ಳು ಎಲ್ಲೆಲ್ಲೋ ಹೋಯಿತು. ಇಲ್ಲದ ವಾಸನೆ ಬರುವುದು ಮಿದುಳು ಸೋಲುವುದರ ಆರಂಭವಿರಬಹುದು, ಗಮನವಿಟ್ಟು ನೋಡಿ ಎಂದು ಕಳಿಸಿದರು. ಕಾರಿನಲ್ಲಿ ಹಿಂದೆ ಕೂತು ಮಾವ ದಾರಿಯುದ್ದಕ್ಕೂ ಜಪಮಾಲೆ ಹಿಡಿದಿದ್ದರು. ಕನ್ನಡಿಯಲ್ಲಿ ನನಗೆ ಅವರ ಮುಖ ಕಾಣುತ್ತಿತ್ತು. ನನಗೆ ಹೇಸಿಗೆಯಾಯಿತು, ನನ್ನ ಮೇಲೆಯೇ. ಆದರೂ ಬಾಯಿ ಬಿಡಲಿಲ್ಲ.

2022ರ ಜನವರಿಯಲ್ಲಿ ಹಿಮ ಬಿದ್ದು ಸ್ಕೂಲಿಗೆ ರಜೆ ಕೊಟ್ಟಿದ್ದರು. ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಹದಿಮೂರು ವರ್ಷದ ಮಗಳು ಶೀತವಾಗಿ ಮೂಗು ಕಟ್ಟಿಕೊಂಡು ಕೆಳಗೆ ಟಿವಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಮನೆಯೊಳಗೆ ತಣ್ಣನೆ ಗಾಳಿ ನುಗ್ಗಿತು. ಫೋನ್ ಹೊಡೆದುಕೊಂಡಿತು. ಪಕ್ಕದ ಮನೆಯಾಕೆ. ನಿಮ್ಮ ಮಾವ, ಮಗಳು ನನ್ನ ಬಾಗಿಲಲ್ಲಿದ್ದಾರೆ, ಜಾಕೆಟ್ ಕೂಡ ಹಾಕಿಲ್ಲ ಎಂದಳು.

ಕೆಳಗಿಳಿದು ನೋಡಿದರೆ ಎಲ್ಲ ಕಿಟಕಿ, ಎರಡೂ ಬಾಗಿಲು ಹಾರುಹೊಡೆದಿದ್ದವು. ಮಾವ ಹಿಮದಲ್ಲಿ ಮನೆಯ ಚಪ್ಪಲಿಯಲ್ಲೇ ನಿಂತು, ಮೊಮ್ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. "ಗ್ಯಾಸ್ ಮಾರಾಯ್ತಿ! ಒಳಗೆ ಹೋಗ್ಬೇಡ. ಇವತ್ತು ಜೋರು ಉಂಟು!" ಎಂದು ಕೂಗಿದರು.

"ಅಮ್ಮಾ, ಐ ಕಾಂಟ್ ಸ್ಮೆಲ್ ಎನಿಥಿಂಗ್, ನನ್ ನೋಸ್ ಬ್ಲಾಕ್ ಆಗಿದೆ. ಅಜ್ಜ ಈಸ್ ಸ್ಕೇರಿಂಗ್ ಮಿ" ಎಂದಳು ಮಗಳು, ಅಳುತ್ತಾ.

ಪಕ್ಕದ ಮನೆಯಾಕೆ ಫೈರ್ ಡಿಪಾರ್ಟ್‌ಮೆಂಟಿಗೆ ಕರೆ ಮಾಡಲು ಫೋನ್ ಎತ್ತಿದ್ದಳು. ನಾನು ಮನೆಯೊಳಗೆ ಒಂದು ಸುತ್ತು ಹೋಗಿ ಬಂದು, ಉಸಿರೆಳೆದು ನೋಡಿದವಳಂತೆ ನಟಿಸಿ, ಬೇಡ ಎಂದೆ. ಏನೂ ಇಲ್ಲ, ಅವರಿಗೆ ಹುಷಾರಿಲ್ಲ, ಹೀಗೆಲ್ಲ ಕಲ್ಪಿಸಿಕೊಳ್ಳುತ್ತಾರೆ, ಡಾಕ್ಟರಿಗೂ ತೋರಿಸಿದ್ದೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಮಗಳ ಕೈಯನ್ನು ಅವರು ಮೆಲ್ಲಗೆ ಬಿಟ್ಟರು.

ಮರುದಿನ ನನಗೆ ಕೂರಲಾಗಲಿಲ್ಲ. ಗಂಡ ಕೆಲಸಕ್ಕೆ, ಮಗಳು ಸ್ಕೂಲಿಗೆ ಹೋದ ಮೇಲೆ ಗ್ಯಾಸ್ ಕಂಪನಿಗೆ ಫೋನ್ ಮಾಡಿದೆ. ಒಬ್ಬಾತ ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಬಂದ. ಒಲೆಯನ್ನು ಎಳೆದು ಹಿಂದಕ್ಕೆ ಯಂತ್ರ ಚಾಚಿದ ತಕ್ಷಣ ಅದು ಟಿಕಟಿಕ ಎನ್ನುತ್ತಾ ಹುಚ್ಚೆದ್ದು ಕೂಗಿತು. ಕೊಳವೆಯ ಜೋಡಣೆ ಸಡಿಲವಾಗಿತ್ತು. ಒಲೆ ಸ್ವಲ್ಪ ಅಲುಗಿದಾಗ ಸೋರುತ್ತದೆ, ಮತ್ತೆ ನಿಲ್ಲುತ್ತದೆ ಎಂದ. ಸರಿಮಾಡಿ, ನನ್ನ ಮುಖ ನೋಡಿ, ನಿಮಗೆ ವಾಸನೆ ಬರಲಿಲ್ಲವೇ ಎಂದು ಕೇಳಿದ. ಆಮೇಲೆ ತಲೆ ಎತ್ತಿ ಅಲಾರ್ಮಿನ ಮೇಲಿದ್ದ ಟೋಪಿಯನ್ನೂ ನೋಡಿದ. ಶೀತ ಆಗಿತ್ತು ಎಂದೆ.

ಅವತ್ತು ಸಂಜೆ ನಾನು ಗಂಡನಿಗೆ ಹೇಳಬೇಕಿತ್ತು. ಮಾವ ಸರಿ, ನಾನು ತಪ್ಪು, ನಮ್ಮ ಮಗುವನ್ನು ಉಳಿಸಿದ್ದು ಅವರು ಎನ್ನಬೇಕಿತ್ತು. ಆದರೆ ಈಗ ಅದು ಬಾಫತ್ ಪುಡಿಯ ಜಂಬದ ಮಾತಾಗಿರಲಿಲ್ಲ. ಮಗಳನ್ನು ನಾನೇ ಕೊಲ್ಲುತ್ತಿದ್ದೆನಲ್ಲ ಎಂಬ ಭಯ. ಅದನ್ನು ಗಂಡನ ಕಣ್ಣಿನಲ್ಲಿ ನೋಡುವ ಧೈರ್ಯವಿರಲಿಲ್ಲ. ಮಾವ ಮೇಜಿನ ಹತ್ತಿರ ಕೂತಿದ್ದವರು ಗ್ಯಾಸಿನವನ ವಿಷಯ ಕೇಳಲಿಲ್ಲ. ಅವನು ಬಂದದ್ದೇ ಅವರಿಗೆ ಗೊತ್ತಿರಲಿಲ್ಲ, ಆಗ ಅವರು ಮೇಲೆ ಮಲಗಿದ್ದರು.

ಹಿಮದಲ್ಲಿ ಮಗುವನ್ನು ಎಳೆದುಕೊಂಡು ಹೋದದ್ದು ಗಂಡನಿಗೆ ಕೊನೆಯ ಸಾಕ್ಷಿಯಾಯಿತು. ಹತ್ತಿರದ ಶ್ಯಾಂಟಿಲಿಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಜಾಗ ನೋಡಿ ಬಂದ. "ಈಸ್ಟರ್ ಆದ್ಮೇಲೆ ರೂಮ್ ಸಿಗುತ್ತೆ. ನಂಗೂ ಇಷ್ಟ ಇಲ್ಲ. ಆದ್ರೆ ನಾಳೆ ಏನಾದ್ರೂ ಆದ್ರೆ?" ಎಂದು ಅತ್ತ. ಮಾವನಿಗೂ ಅವನೇ ಹೇಳಿದ. ಅವರು ತಲೆ ಆಡಿಸಿದರು.

ಡಾಕ್ಟರ ಹತ್ತಿರ ಹೋಗಿ ಬಂದಾಗಿನಿಂದ ಪದ್ಯ ನಿಂತೇ ಹೋಗಿತ್ತು, ಆ ಲೆಂಟ್‌ನಲ್ಲಿ ನಾನು ಲ್ಯಾಪ್‌ಟಾಪ್ ತಂದು ಎದುರಿಗೆ ಕೂತೆ. "ಇನ್ನು ಎರಡು ಬಾಗಿಲು ಬಾಕಿ ಇದೆ ಮಾವ. ಹೋಗೋದ್ರೊಳಗೆ ಮುಗಿಸೋಣ" ಎಂದೆ.

ಅವರು ನೋಟ್‌ಬುಕ್ಕಿನ ಮೇಲೆ ಬೆರಳಾಡಿಸಿದರು, ಒಂದು ಇಟಾಲಿಯನ್ ಸಾಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. "ಬೇಡ. ನೆನಪಿನಲ್ಲಿ ಇರುವುದು ಸರಿಯಾ, ನಾನೇ ಕಟ್ಟಿದ್ದಾ, ಈಗ ಗೊತ್ತಾಗುವುದಿಲ್ಲ" ಎಂದು ಪುಸ್ತಕ ಮುಚ್ಚಿದರು. ಹಿಂದುಗಡೆ ಡೇಟಾ ಸೆಂಟರಿನ ಗುಂಯ್ ಸದ್ದು ಅವತ್ತು ನನಗೆ ಸ್ಪಷ್ಟವಾಗಿ ಕೇಳಿಸಿತು.

ಈಸ್ಟರ್ ಕಳೆದ ವಾರ ಅವರ ಪೆಟ್ಟಿಗೆ ತುಂಬಲು ಕೂತೆ. ಮಗಳು ನೋಟ್‌ಬುಕ್ಕು ಹಿಡಿದುಕೊಂಡು ಬಂದಳು. ಅಜ್ಜನಿಗೆ ಉಡುಗೊರೆಯಾಗಿ ಮೂಲ ಪದ್ಯವನ್ನೂ ನಮ್ಮ ಕನ್ನಡವನ್ನೂ ಸೇರಿಸಿ ಪ್ರಿಂಟ್ ಮಾಡಿಸಬೇಕೆಂದು ಅವಳು ಪುಟಗಳ ಫೋಟೋ ತೆಗೆದು, ಫೋನಿನಲ್ಲಿ ಇಂಗ್ಲಿಷ್ ಮಾಡಿಸಿ, ನಾನು ಟೈಪ್ ಮಾಡಿದ್ದನ್ನು ನನ್ನಿಂದ ಓದಿಸಿಕೊಂಡು ಜೋಡಿಸುತ್ತಿದ್ದಳು.

"ಅಮ್ಮಾ, ಇಲ್ಲಿ ಮ್ಯಾಚ್ ಆಗ್ತಿಲ್ಲ" ಎಂದಳು. "ಆ ಲೇಡಿ ಹೈಡ್ ಮಾಡೋದು, ಹುಲ್ಲಿನ ಗೊಂಬೆ, ಓಲ್ಡ್ ಮ್ಯಾನ್, ಅದೆಲ್ಲ ಇದ್ರಲ್ಲಿ ಇಲ್ಲ. ದಿ ನೋಸ್ ಗಾರ್ಡ್ ಜಸ್ಟ್ ಲೀವ್ಸ್. ಆಮೇಲೆ ನೆಕ್ಸ್ಟ್ ಡೋರ್."

ಮತ್ತೆ ನೋಡೆಂದೆ. ಮತ್ತೆ ನೋಡಿದಳು. ಎರಡು ಸಾಲು, ಅಷ್ಟೇ. ಉಳಿದ ಹನ್ನೆರಡು ಸಾಲು ಮಾವನದು.

ಪದ್ಯ ಬರೆದ ಆ ಹಳೇ ಮಠಾಧಿಪತಿಯ ಹಿಂದೆ ನಿಂತು ಮಾವ ನನಗೆ ಹೇಳಿದ್ದರು. ಎಲ್ಲರೆದುರು ನನ್ನ ಮಾನ ಕಳೆಯದೆ, ನಾನಾಗಿಯೇ ಬಾಯಿ ಬಿಡಲೆಂದು ದಾರಿ ಮಾಡಿಕೊಟ್ಟಿದ್ದರು. ಏನಾದರೂ ಹೇಳುವುದು ಉಂಟಾ ಎಂದು ಕೇಳಿಯೂ ಇದ್ದರು. ನಾನು ಅದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ, ಸೇವ್ ಮಾಡಿ, ಅವರನ್ನು ಹುಚ್ಚರ ಸಾಲಿಗೆ ಸೇರಿಸಿದ್ದೆ.

ನಾನು ಕೆಳಗೆ ಹೋಗಿ ಗಂಡನನ್ನು ಕರೆದೆ. ಕಣ್ಣು ಮುಚ್ಚಿಕೊಳ್ಳುತ್ತೇನೆ, ಕೈಗೆ ಸಿಕ್ಕಿದ್ದನ್ನು ನನ್ನ ಮೂಗಿಗೆ ಹಿಡಿ ಎಂದೆ. ಅವನು ತಮಾಷೆ ಎಂದುಕೊಂಡ. ಕಾಫಿಪುಡಿ ಹಿಡಿದ, ಜಜ್ಜಿದ ಬೆಳ್ಳುಳ್ಳಿ ಹಿಡಿದ, ಒಣಮೀನಿನ ಡಬ್ಬಿ ತೆಗೆದು ಹಿಡಿದ. ಯಾವುದು ಯಾವುದೆಂದು ಒಂದನ್ನೂ ಹೇಳಲಾಗಲಿಲ್ಲ. ಕಣ್ಣು ಬಿಟ್ಟು ಎಲ್ಲ ಹೇಳಿದೆ, ಗ್ಯಾಸಿನವನದ್ದೂ ಸೇರಿಸಿ. ಅವನು ಬೈಯಲಿಲ್ಲ. ಒಣಮೀನಿನ ಡಬ್ಬಿಯ ಮುಚ್ಚಳ ಹಾಕಿ, ಸ್ಟೂಲ್ ಎಳೆದು, ಹತ್ತಿ, ಅಲಾರ್ಮಿನ ಟೋಪಿ ಕಿತ್ತು ಕಸದ ಬುಟ್ಟಿಗೆ ಹಾಕಿದ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದ.

ಮಾವನ ಕಾಲಿನ ಹತ್ತಿರ ಕೂತು ಹೇಳಿದಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಆವಾಗ ನನಗೆ ಗೊತ್ತಿತ್ತು ಮಗಳೇ. ಕಡಲೆ ಕರಟಿದ ದಿನವೇ ಗೊತ್ತಾಯ್ತು. ಆದ್ರೆ ಆಮೇಲೆ ನೀವು ಅಷ್ಟು ಜನ ಅಷ್ಟು ಸಲ ಇಲ್ಲ ಅಂದಿರಿ. ಡಾಕ್ಟ್ರೂ ಹೇಳಿದ್ರು. ನನಗೇ ಸಂಶಯ ಬಂತು" ಎಂದರು.

ಶ್ಯಾಂಟಿಲಿಯ ರೂಮು ಬೇಡವೆಂದೆವು. ಪೆಟ್ಟಿಗೆ ಬಿಚ್ಚಿದೆವು. ಪ್ರಾರ್ಥನಾ ಗುಂಪಿನಲ್ಲಿ ನಾನೇ ಎದ್ದು ನಿಂತು, ನನ್ನ ಮೂಗು ಹೋಗಿದೆ, ಇನ್ನು ಪುಡಿ ಮಾಡುವುದಿಲ್ಲ ಎಂದೆ. ಗ್ಯಾಸ್ ಒಲೆ ತೆಗೆಸಿ ಕರೆಂಟಿನದು ಹಾಕಿಸಿದೆವು. ಎಲ್ಲ ಸರಿಹೋಯಿತೆಂದೇ ನಾನು ತಿಳಿದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಅದನ್ನು ನನ್ನ ಮಾನದ ವಿಷಯವೆಂದುಕೊಂಡಿದ್ದೆ.

ಅದೇ ವರ್ಷ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗಂಜಿಗಿಟ್ಟು ಮೇಲೆ ಹೋದವಳು ಫೋನಿನಲ್ಲಿ ಸಿಕ್ಕಿಕೊಂಡೆ. ಅಲಾರ್ಮ್ ಹೊಡೆದುಕೊಂಡಿತು. ಓಡಿ ಬಂದೆ. ಪಾತ್ರೆ ಕಪ್ಪಾಗಿ, ಅಡುಗೆಮನೆ ತುಂಬ ಹೊಗೆ. ಒಲೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಮೇಜಿನ ಹತ್ತಿರ, ಮಾವ ಜಪಮಾಲೆ ಹಿಡಿದು ನೆಟ್ಟಗೆ ಕೂತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಲೆ ಆರಿಸಿ, ಅವರನ್ನು ಹೊರಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿದೆ.

"ವಾಸನೆ ಬರಲಿಲ್ವಾ ಮಾವ?"

"ಬಂತು" ಎಂದರು, ಕೆಮ್ಮುತ್ತಾ. "ತುಂಬ ಹೊತ್ತಿನಿಂದ ಬರ್ತಾ ಇತ್ತು."

"ಮತ್ತೆ ಕೂಗಬಾರದಿತ್ತಾ?"

ಅವರು ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, ತಪ್ಪು ಮಾಡಿದವರಂತೆ, ಮೆಲ್ಲಗೆ ಹೇಳಿದರು:

"ನನಗೆ ಬರೇ ಹಾಗೆ ಅನ್ನಿಸುವುದು ಅಂತ ಬಿಟ್ಟೆ ಮಗಳೇ."